ಗಾಜಿನ ಮೇಲಿನ ಎರಡು ಪಟ್ಟಿ

ಜೂನ್ 3, 2024, ಸೋಮವಾರ. ಹಂಸಭಾವಿ

ಇದು ಬೀಜದ ಕಂಪನಿಯವರು ಪುಕ್ಕಟೆ ಹಂಚಿದ ಡೈರಿ. ಪ್ರತಿ ಪುಟದ ತಲೆಯ ಮೇಲೂ ಒಂದೊಂದು ಬೆಂಡೆಕಾಯಿ. ಯಾರೂ ಮುಟ್ಟದೆ ಬಿದ್ದಿತ್ತು, ನಾನೇ ಎತ್ತಿಕೊಂಡೆ. ಹಿಂದಿನ ಕೆಲಸ ನಾಲ್ಕೇ ತಿಂಗಳಿಗೆ ಹೋಯಿತು, ಅದರ ಹಿಂದಿನದು ಆರು ತಿಂಗಳಿಗೆ. ಇದೆಷ್ಟು ದಿನ ನಡೆಯುತ್ತದೋ, ಬರೆದಿಟ್ಟು ನೋಡೋಣ.

ಬೆಳಿಗ್ಗೆ ಶಿಗ್ಗಾವಿಯ ಆಫೀಸಿನಲ್ಲಿ ಮ್ಯಾನೇಜರ್ ರುದ್ರೇಶ ನನ್ನ ಡಿಪ್ಲೊಮಾ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಹಂಸಭಾವಿ ಗೋದಾಮಿನ್ಯಾಗ ಒಂದು ಸರ್ವರ್ ಐತಿ. ಅದರ ಪರದೆ ಎರಡು ವರ್ಷದಿಂದ ಹುಚ್ಚುಚ್ಚಾರ ತೋರಸಾಕತ್ತೈತಿ. ಸರಿ ಮಾಡ್ರಿ, ಜುಲೈ ಒಂದಕ್ಕ ಪರ್ಮನೆಂಟ್ ಆರ್ಡರ್ ಕೊಡ್ತೇನಿ. ಆಗ್ಲಿಲ್ಲಂದ್ರ ನಿಮ್ಮೂರು ಸವಣೂರಿಗೆ ಹೋಗೋ ಬಸ್ ನಿಮಗ ಗೊತ್ತೈತಿ” ಎಂದರು. ಎಷ್ಟು ಚೆಂದದ ಸ್ವಾಗತ!

ಗೋದಾಮು ತಂಪಾಗಿದೆ, ಬೀಜದ ಔಷಧದ ವಾಸನೆ. ಇಲ್ಲಿ ಇಡುವುದು ಹೈಬ್ರಿಡ್ ಬೆಂಡೆಯ ಹೆಣ್ಣು ತಳಿ ಮತ್ತು ಗಂಡು ತಳಿಯ ಬೀಜ. ಸುತ್ತಲಿನ ರೈತರು ಹೆಣ್ಣನ್ನು ಹೊಲದ ದೊಡ್ಡ ಭಾಗದಲ್ಲಿ, ಗಂಡನ್ನು ಮೂಲೆಯಲ್ಲಿ ಬಿತ್ತಿ, ಹೂ ಬಿಟ್ಟಾಗ ಕೈಯಿಂದ ಪರಾಗ ಸವರಿ ಬೀಜ ಮಾಡಿಕೊಡುತ್ತಾರೆ. ತಳಿಯ ಗುಟ್ಟು ಹೊರಗೆ ಹೋಗಬಾರದೆಂದು ಚೀಲಗಳ ಮೇಲೆ ಹೆಸರಿಲ್ಲ. ಎಲ್ಲ ಬೀಜಕ್ಕೂ ಒಂದೇ ಗುಲಾಬಿ ಬಣ್ಣ. ಹಂಗಾಮಿಗೊಮ್ಮೆ ರ್ಯಾಕ್ ಬದಲಾಗುತ್ತದೆ, ಯಾವುದರಲ್ಲಿ ಯಾವುದಿದೆ ಎಂಬುದು ಸರ್ವರಿಗೆ ಮಾತ್ರ ಗೊತ್ತು.

ಆ ಸರ್ವರಿನ ಪರದೆ ನೋಡಿ ನಗು ಬಂತು. ಮೌಸ್ ಇಲ್ಲದ, ಬರೀ ಅಕ್ಷರಗಳ ಹಳೇ ಪ್ರೋಗ್ರಾಂ. ಗೆರೆ ಇರಬೇಕಾದ ಕಡೆಯೆಲ್ಲ ಟೋಪಿ ಹಾಕಿದ ವಿಚಿತ್ರ ಅಕ್ಷರಗಳ ಸಂತೆ. ಅಡ್ಡಗೆರೆಯ ಕಸ ಸಾಲು ಮೀರಿ ಸುರಿದು ತಲೆಬರಹಗಳನ್ನೆಲ್ಲ ನುಂಗಿಹಾಕಿದೆ. ಉಳಿದದ್ದು ಅಂಕಿಗಳು ಮಾತ್ರ. ಇದನ್ನು ಎರಡು ವರ್ಷ ಸಹಿಸಿದವರಿಗೆ ಬಹುಮಾನ ಕೊಡಬೇಕು.

ಜೂನ್ 4, ಮಂಗಳವಾರ

ಬಹುಮಾನ ಕೊಡಬೇಕಾದವರು ಸಿಕ್ಕರು. ಗುದ್ಲೆಪ್ಪ, ಉಗ್ರಾಣ ನೋಡಿಕೊಳ್ಳುವವರು. ಅಕ್ಕಿಆಲೂರಿನಿಂದ ದಿನಾ ತಿಳವಳ್ಳಿ ಮೇಲಿನ ಬಸ್ಸಿಗೆ ಬರುತ್ತಾರೆ, ಹದಿನೆಂಟು ವರ್ಷದಿಂದ. ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಪರದೆಯ ಗಾಜಿನ ಮೇಲೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ಎರಡು ಪಟ್ಟಿ ಅಂಟಿಸಿ, ಒಂದರ ಮೇಲೆ ‘ಹೆ’, ಇನ್ನೊಂದರ ಮೇಲೆ ‘ಗಂ’ ಎಂದು ಬರೆದಿದ್ದಾರೆ. ಬೆರಳನ್ನು ಪಟ್ಟಿಯ ಮೇಲಿಟ್ಟು ನೇರ ಕೆಳಗೆ ಎಳೆಯುತ್ತಾರೆ, ಸಿಕ್ಕ ಅಂಕಿಯ ರ್ಯಾಕಿಗೆ ಹೋಗಿ ಬೀಜ ತೂಗಿ, ಪೊಟ್ಟಣದ ಮೇಲೆ ಹೆಣ್ಣು, ಗಂಡು ಎಂದು ಬರೆದು ಕೊಡುತ್ತಾರೆ.

“ಇದೇನ್ರಿ ಕಾಕಾ, ಕಂಪ್ಯೂಟರಿಗೆ ಗಾಯ ಆಗೇತೇನು?” ಎಂದೆ.

“ಆಗೇತ್ರಿ ಬಾಯಾರ, ಒಳಗ ಆಗೇತಿ. ಅದು ಏನರ ಕುಣೀಲಿ, ಅಂಕಿ ಮಾತ್ರ ಜಾಗಾ ಬಿಡಂಗಿಲ್ಲ. ಎರಡು ವರ್ಷದಾಗ ಒಂದು ಚೀಲ ತಪ್ಪಿಲ್ಲ ನೋಡ್ರಿ.”

ಹೆಮ್ಮೆ ಬೇರೆ! ಪ್ಲಾಸ್ಟರ್ ಹಚ್ಚಿ ಸರ್ವರ್ ನಡೆಸುವ ಗೋದಾಮು ಪ್ರಪಂಚದಲ್ಲಿ ಇದೊಂದೇ ಇರಬೇಕು.

ಉಳಿಯಲು ಯಂಕವ್ವನ ಮನೆಯ ಮುಂದಿನ ಕೋಣೆ ಸಿಕ್ಕಿದೆ. ಗಂಡನಿಲ್ಲದವಳು, ನಲವತ್ತೈದರ ಆಸುಪಾಸು. ಅರ್ಧ ಎಕರೆಯಲ್ಲಿ ಈ ಸಲ ಅವಳೂ ಬೆಂಡೆ ಬೀಜ ಮಾಡುತ್ತಾಳಂತೆ. ಇಷ್ಟು ವರ್ಷ ಬೇರೆಯವರ ಹೊಲದಲ್ಲಿ ಹೂವಿಗೆ ಪರಾಗ ಸವರಿದ ಕೈ, ಸ್ವಂತ ಹೊಲದಲ್ಲಿ ಇದೇ ಮೊದಲ ಸಲ. ಮಾತೆತ್ತಿದರೆ ಅದೇ ಸುದ್ದಿ.

ಜೂನ್ 7, ಶುಕ್ರವಾರ

ತಲೆ ಚಿಟ್ಟು ಹಿಡಿದಿದೆ. ರೋಗ ಗೊತ್ತಾಗಿದೆ, ಮದ್ದು ಹತ್ತುತ್ತಿಲ್ಲ. ಸರ್ವರ್ ಒಂದು ಗೆರೆಯನ್ನು ಮೂರು ತುಂಡು ಮಾಡಿ ಕಳಿಸುತ್ತದೆ. ಮೂರನ್ನೂ ಸೇರಿಸಿ ಒಂದು ಗೆರೆ ಎಂದು ಓದಬೇಕಾದ ಪರದೆಯ ಕನ್ಸೋಲ್, ಮೂರು ಬೇರೆ ಬೇರೆ ಅಕ್ಷರ ಎಂದು ಓದಿ ಬರೆಯುತ್ತದೆ. ಒಂದು ಗೆರೆಗೆ ಮೂರು ಕಸ. ಸೆಟ್ಟಿಂಗ್ ಬದಲಿಸಿದರೆ ಸರಿಯಾಗುತ್ತದೆ, ಮತ್ತೆ ಚಾಲೂ ಮಾಡಿದರೆ ಮೊದಲಿನಂತೆಯೇ. ಮಧ್ಯಾಹ್ನ ಒಮ್ಮೆ ಪರದೆ ಪೂರ್ತಿ ಕಪ್ಪಾಯಿತು.

ಅಣ್ಣ ಇಜಾಜ ಫೋನ್ ಮಾಡಿ, ಆಗದಿದ್ದರೆ ಬಂದುಬಿಡು, ಅಂಗಡಿಯಲ್ಲಿ ಕುಳಿತುಕೋ ಎಂದ. ಅಂದರೆ ಆಗುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತು. ಫೋನ್ ಇಟ್ಟುಬಿಟ್ಟೆ.

ಜೂನ್ 10, ಸೋಮವಾರ

ಆಯಿತು! ಆಯಿತು! ಆಯಿತು!

ಚಾಲೂ ಆಗುವಾಗ ಹಳೇ ಅಕ್ಷರಮಾಲೆಯನ್ನು ತಂದು ಕೂರಿಸುತ್ತಿದ್ದ ಒಂದು ಸಾಲು ಎಲ್ಲೋ ಮೂಲೆಯಲ್ಲಿ ಅಡಗಿತ್ತು. ತೆಗೆದು ಬಿಸಾಕಿದೆ. ಈಗ ಗೆರೆ ಅಂದರೆ ಗೆರೆ, ಚೌಕ ಅಂದರೆ ಚೌಕ. ತಲೆಬರಹಗಳು ಇಂಗ್ಲಿಷಿನಲ್ಲಿ ಥಳಥಳ ಹೊಳೆಯುತ್ತಿವೆ: ಹೆಣ್ಣಿನ ರ್ಯಾಕ್, ಗಂಡಿನ ರ್ಯಾಕ್, ಹೆಣ್ಣಿನ ಹೆಚ್ಚುವರಿ ರ್ಯಾಕ್. ಇನ್ನು ಯಾರು ಬೇಕಾದರೂ ಓದಬಹುದು. ಪ್ಲಾಸ್ಟರ್ ಕಿತ್ತು ಬುಟ್ಟಿಗೆ ಹಾಕಿದೆ, ಗಾಜು ಒರೆಸಿದೆ, ಅಂಟಿನ ಕಲೆ ಮಾತ್ರ ಪೂರ್ತಿ ಹೋಗಲಿಲ್ಲ. ಫೋಟೊ ತೆಗೆದು ರುದ್ರೇಶ ಸರ್‌ಗೆ ಕಳಿಸಿದೆ. ಹೆಬ್ಬೆರಳು ಬಂತು.

ಅಮ್ಮನಿಗೆ ಫೋನ್ ಮಾಡಿದೆ. ಇಜಾಜನಿಗೆ ಮಾಡಲಿಲ್ಲ, ಅವಳೇ ಹೇಳುತ್ತಾಳೆ.

ಜೂನ್ 11, ಮಂಗಳವಾರ

ಇವತ್ತಿನಿಂದ ಬೀಜ ಹಂಚಿಕೆ. ಬೆಳಿಗ್ಗೆ ಬಂದು ನೋಡಿದರೆ ಪ್ಲಾಸ್ಟರ್ ಗಾಜಿನ ಮೇಲೆ ವಾಪಸ್! ಗುದ್ಲೆಪ್ಪ ಬುಟ್ಟಿಯಿಂದ ಆರಿಸಿ, ಹಳೇ ಅಂಟಿನ ಕಲೆಯ ಮೇಲೆ ತಂತಿ ಹಿಡಿದಷ್ಟು ನೇರ ಅಂಟಿಸಿದ್ದಾರೆ.

“ಕಾಕಾ, ಈಗ ಅದು ಯಾಕ ಬೇಕ್ರಿ? ಎಲ್ಲಾ ಸ್ವಚ್ಛ ಕಾಣ್ತೈತಲ್ಲ.”

“ಕಾಣೂದು ನಿಮಗ್ರಿ ಬಾಯಾರ. ನನಗ ಇದು ಇರ್ಲಿ ಬಿಡ್ರಿ, ಕೈಗೆ ರೂಢಿ ಆಗೇತಿ.”

ನಕ್ಕು ನನ್ನ ಕುರ್ಚಿಗೆ ಹೋದೆ. ಹೊರಗೆ ರೈತರ ಸಾಲು, ಒಳಗೆ ತಕ್ಕಡಿಯ ಸದ್ದು. ಯಂಕವ್ವ ತನ್ನ ಪೊಟ್ಟಣಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು, ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ.

ಜೂನ್ 18, ಮಂಗಳವಾರ

ಬಕ್ರೀದ್ ಮುಗಿಸಿ ಸವಣೂರಿನಿಂದ ಬಂದೆ. ಎಲ್ಲರ ಬಾಯಲ್ಲೂ ನನ್ನ ಸುದ್ದಿ. ಎರಡು ವರ್ಷ ಯಾರೂ ಸರಿ ಮಾಡದ್ದನ್ನು ಸಾಯಿಮಾ ಒಂದು ವಾರದಲ್ಲಿ ಮಾಡಿದಳು ಎಂದು ಅಮ್ಮ ಓಣಿ ತುಂಬ ಹೇಳಿಕೊಂಡು ಬಂದಿದ್ದಾಳೆ. ಇಜಾಜ ಕೂಡ ಇನ್ನೊಂದು ತುಂಡು ಮಾಂಸ ತಾಟಿಗೆ ಹಾಕಿದ. ಇಷ್ಟು ಸುಖವಾಗಿ ಉಂಡು ಎಷ್ಟೋ ದಿನವಾಗಿತ್ತು.

ಜೂನ್ 20, ಗುರುವಾರ

ಸಂಜೆ ಗುದ್ಲೆಪ್ಪ ತಲೆ ಕೆರೆದುಕೊಳ್ಳುತ್ತ ಬಂದರು. “ಹೆಣ್ಣಿನ ರ್ಯಾಕ್ ಬರಿದಾಗಾಕ ಬಂತ್ರಿ ಬಾಯಾರ. ಇಷ್ಟು ಲಗೂ ಆಗಬಾರದಿತ್ತು.”

ಯಾವ ರ್ಯಾಕ್ ಎಂದು ಕೇಳಿದೆ. ಹೇಳಿದರು. ಪರದೆ ನೋಡಿದೆ.

ಅದು ಗಂಡಿನ ರ್ಯಾಕ್.

ಅವರ ಬೆರಳಿಟ್ಟಂತೆ ನನ್ನ ಬೆರಳನ್ನು ‘ಹೆ’ ಪಟ್ಟಿಯ ಮೇಲಿಟ್ಟು ಕೆಳಗೆ ಎಳೆದೆ. ಬೆರಳು ಗಂಡಿನ ಸಾಲಿನಲ್ಲಿ ಇಳಿಯಿತು. ‘ಗಂ’ ಪಟ್ಟಿಯಿಂದ ಎಳೆದರೆ ಹೆಣ್ಣಿನ ಹೆಚ್ಚುವರಿ ಸಾಲು. ಮೊದಲು ಕಸದ ಅಕ್ಷರಗಳು ಎಲ್ಲವನ್ನೂ ಬಲಕ್ಕೆ ನೂಕಿದ್ದವು. ನಾನು ಕಸ ಗುಡಿಸಿದೆ, ಅಂಕಿಗಳೆಲ್ಲ ಒಂದು ಮನೆ ಎಡಕ್ಕೆ ಸರಿದವು. ಪಟ್ಟಿ ಮಾತ್ರ ಇದ್ದಲ್ಲೇ ಇದೆ.

ಅಂದರೆ ಹತ್ತು ದಿನದಿಂದ ಹೆಣ್ಣು ಎಂದು ಗಂಡು ಕೊಟ್ಟಿದ್ದಾರೆ, ಗಂಡು ಎಂದು ಹೆಣ್ಣು. ಹತ್ತೊಂಬತ್ತು ಜನಕ್ಕೆ. ಯಂಕವ್ವನಿಗೂ.

ಗುದ್ಲೆಪ್ಪ ಬಸ್ಸಿಗೆ ಹೋದ ಮೇಲೆ ಎರಡೂ ಪಟ್ಟಿ ಕಿತ್ತು, ಒಂದು ಮನೆ ಎಡಕ್ಕೆ, ಸರಿಯಾದ ಸಾಲಿನ ಮೇಲೆ ಅಂಟಿಸಿದೆ. ನಾಳೆಯಿಂದ ಸರಿಯಾಗಿಯೇ ಹೋಗುತ್ತದೆ.

ಇನ್ನೂ ಹೊತ್ತು ಮೀರಿಲ್ಲ. ಬಿತ್ತಿ ಒಂದೇ ವಾರ. ಹೆಣ್ಣಿನ ಬೀಜ ರ್ಯಾಕಿನಲ್ಲಿ ಹಾಗೇ ಇದೆ. ಜೂನ್ ಮುಗಿಯುವುದರೊಳಗೆ ಹೇಳಿದರೆ ಎಲ್ಲರೂ ಮತ್ತೆ ಬಿತ್ತಬಹುದು. ನಾಳೆ ಹೇಳುತ್ತೇನೆ.

ಜೂನ್ 21, ಶುಕ್ರವಾರ

ಗುದ್ಲೆಪ್ಪ ಪಟ್ಟಿ ಸರಿದದ್ದನ್ನು ಗಮನಿಸಲಿಲ್ಲ. ಬೆರಳಿಗೆ ಪಟ್ಟಿ ಸಿಕ್ಕರೆ ಸಾಕು ಅವರಿಗೆ. ಬೇರೆ ರ್ಯಾಕಿನ ಅಂಕಿ ಬಂದದ್ದಕ್ಕೆ, ಹಳೇದು ಬರಿದಾಗುತ್ತ ಬಂದಿತ್ತಲ್ಲ ಎಂದುಕೊಂಡರು. ರುದ್ರೇಶ ಸರ್ ಇವತ್ತು ಹಾನಗಲ್ಲಿಗೆ ಹೋಗಿದ್ದರಂತೆ. ಫೋನಿನಲ್ಲಿ ಹೇಳುವ ವಿಷಯವಲ್ಲ. ಮೊದಲು ಚೀಲಗಳನ್ನು ಎಣಿಸಿ ಖಾತ್ರಿ ಮಾಡಿಕೊಳ್ಳಬೇಕು.

ಜೂನ್ 24, ಸೋಮವಾರ

ಎಣಿಸಿದೆ. ಖಾತ್ರಿಯಾಯಿತು.

ಪತ್ರ ಬರೆದೆ. ‘ಸರ್, ಒಂದು ತಪ್ಪಾಗಿದೆ’ ಎಂದು ಶುರು ಮಾಡಿ, ಯಾರಿಂದ ಎಂಬಲ್ಲಿಗೆ ಬಂದು ನಿಂತೆ. ಪಟ್ಟಿ ವಾಪಸ್ ಅಂಟಿಸಿದ್ದು ಗುದ್ಲೆಪ್ಪ. ಬೇಡ ಎಂದು ನಾನು ಹೇಳಿದ್ದೆ. ಹೇಳಿದ್ದೆ ತಾನೇ? ಅದೂ ಅಲ್ಲದೆ ಪರದೆ ಸರಿ ಮಾಡು ಎಂದಿದ್ದರು, ಸರಿ ಮಾಡಿದೆ. ಅಳಿಸಿಬಿಟ್ಟೆ. ಆರ್ಡರ್ ಕೈಗೆ ಬರಲಿ, ಆಮೇಲೆ ಹೇಳಿದರೆ ನನ್ನ ಮಾತಿಗೆ ತೂಕ ಇರುತ್ತದೆ.

ಜೂನ್ 28, ಶುಕ್ರವಾರ

ಮಳೆ. ಹೇಳಲಿಲ್ಲ.

ಜೂನ್ 30, ಭಾನುವಾರ

ಯಂಕವ್ವ ಹೊಲಕ್ಕೆ ಕರೆದುಕೊಂಡು ಹೋದಳು. ಒಂದು ಗೇಣೂ ಇಲ್ಲದ ಸಸಿಗಳು, ಸಾಲು ಸಾಲಾಗಿ. “ಒಂದೂ ಸತ್ತಿಲ್ಲ ನೋಡು. ಎಷ್ಟು ಚೆಂದ ಬಂದಾವು” ಎಂದಳು. ಮಣ್ಣಾದ ಕೈಯಿಂದಲೇ ನನ್ನ ತಲೆ ಸವರಿದಳು. ನಾನು ತಲೆ ತಪ್ಪಿಸಿಕೊಂಡು ಬದುವಿನ ಕಡೆ ನಡೆದೆ. ಬಿಸಿಲು ಎಂದೆ. ಬಿಸಿಲೇ ಇರಲಿಲ್ಲ.

ಜುಲೈ 1, ಸೋಮವಾರ

ಆರ್ಡರ್ ಬಂತು. ಪರ್ಮನೆಂಟ್.

ಜುಲೈ 9, ಮಂಗಳವಾರ

ಇನ್ನು ಹೇಳಿ ಏನು ಉಪಯೋಗ, ಮತ್ತೆ ಬಿತ್ತುವ ಹೊತ್ತು ಮುಗಿದಿದೆ. ಹಾಗೆಂದುಕೊಂಡ ಕೂಡಲೇ ಮನಸ್ಸು ಹಗುರವಾಯಿತು. ಆ ಹಗುರಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಪ್ರೋಗ್ರಾಂ ಚೆನ್ನಾಗಿ ನಡೆಯುತ್ತಿದೆ. ಗೆರೆ ಒಂದೂ ತಪ್ಪಿಲ್ಲ.

ಜುಲೈ 17, ಬುಧವಾರ

ಮೊಹರಂ ರಜೆ. ಊರಿಗೆ ಹೋಗಲಿಲ್ಲ. ಸಂಜೆ ಹೊಲದಿಂದ ಬಂದ ಯಂಕವ್ವ ಎರಡು ಎಲೆ ತಂದು ನನ್ನ ಮುಂದೆ ಹಿಡಿದಳು.

“ಸಾಯಿಮಾ, ನೀ ಬೀಜದ ಕಂಪನಿಯಾಕಿ, ನೋಡಿ ಹೇಳು. ಹೆಣ್ಣಿನ ಗಿಡದ ತೊಟ್ಟು ಹಸರ ಇರ್ತೈತಿ. ಹತ್ತು ವರ್ಷ ಈ ಕೈಲೇ ಹೂವ ಮುಟ್ಟೇನಿ. ನನ್ನ ಹೊಲದಾಗ ದೊಡ್ಡ ಭಾಗದ ತುಂಬ ಕೆಂಪು ತೊಟ್ಟು ಬಂದೈತಿ. ಮೂಲ್ಯಾಗ ಹಸರ. ಇದೇನ ಹಿಂಗ?”

ನನಗೆ ಕಂಪ್ಯೂಟರ್ ಮಾತ್ರ ಗೊತ್ತು, ಗಿಡ ಗೊತ್ತಿಲ್ಲ ಎಂದೆ.

ಜುಲೈ 20, ಶನಿವಾರ

ರೈತರ ದೂರು ಕೇಳಿ ರುದ್ರೇಶ ಸರ್ ಬಂದಿದ್ದರು. ಹತ್ತೊಂಬತ್ತು ಹೊಲವೂ ರದ್ದು. ತಿರುವುಮುರುವಾದ ಬೀಜವನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ, ಗಿಡ ಕೀಳಬೇಕು. ಯಂಕವ್ವ ಗೋದಾಮಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

ಆಮೇಲೆ ಗುದ್ಲೆಪ್ಪನ ಸರದಿ.

“ಹದಿನೆಂಟು ವರ್ಷದವ ನೀನು! ಹೆಣ್ಣು ಗಂಡು ತಿಳೀಲಿಲ್ಲೇನು ನಿನಗ?”

“ಪಟ್ಟಿ ಕೆಳಗ ಏನಿತ್ತೋ ಅದನ್ನ ಕೊಟ್ಟೇನ್ರಿ ಸಾಹೇಬರ. ಬರ್ರಿ, ತೋರಸ್ತೇನಿ.”

ಎಲ್ಲರೂ ಪರದೆಯ ಮುಂದೆ ನಿಂತೆವು. ಅವರು ‘ಹೆ’ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗೆ ಎಳೆದರು. ರುದ್ರೇಶ ಸರ್ ತಲೆಬರಹ ಓದಿದರು: ಹೆಣ್ಣು. ‘ಗಂ’ ಎಳೆದರು: ಗಂಡು. ಸರಿಯಾಗಿತ್ತು. ನಾನೇ ಸರಿ ಮಾಡಿಟ್ಟಿದ್ದೆನಲ್ಲ.

ಗುದ್ಲೆಪ್ಪ ಮತ್ತೊಮ್ಮೆ ಎಳೆದರು. ಮೂರನೇ ಸಲ ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಎಳೆದರು. ಆಮೇಲೆ ತಮ್ಮ ಬೆರಳನ್ನೇ ನೋಡುತ್ತ ನಿಂತರು.

“ಹಂಗಾರ ನನ್ನದ ತಪ್ಪಿರಬೇಕ್ರಿ” ಎಂದರು.

ರುದ್ರೇಶ ಸರ್ ನನ್ನ ಕಡೆ ತಿರುಗಿದರು. “ಸಿಸ್ಟಮಿಂದೇನು ತಕರಾರಿಲ್ಲಲ್ರಿ?”

“ಇಲ್ಲ ಸರ್” ಎಂದೆ.

ಎರಡು ಶಬ್ದ. ಇಡೀ ದಿನ ನಾನು ಆಡಿದ್ದು ಅಷ್ಟೇ.

ಜುಲೈ 22, ಸೋಮವಾರ

ಗುದ್ಲೆಪ್ಪ ಇನ್ನು ಬರುವುದಿಲ್ಲ. ಅವರ ಊಟದ ಡಬ್ಬಿಯ ಚಮಚ ಮೇಜಿನ ಮೇಲೇ ಉಳಿದಿದೆ.

ಆಗಸ್ಟ್ 2, ಶುಕ್ರವಾರ

ಯಂಕವ್ವ ಗಿಡ ಕಿತ್ತು ಮುಗಿಸಿದಳು. ಪರಾಗ ಸವರಲು ಬರಬೇಕಿದ್ದ ಎಂಟು ಹೆಂಗಸರಿಗೆ ಬರಬೇಡಿ ಎಂದು ಮನೆಮನೆಗೆ ಹೋಗಿ ಹೇಳಿ ಬಂದಳು. ಪರಾಗ ಸವರಿದ ಹೂವಿಗೆ ಗುರುತಾಗಿ ಕಟ್ಟಲು ತಂದಿಟ್ಟ ಕೆಂಪು ದಾರದ ಉಂಡೆ ಕಿಟಕಿಯಲ್ಲಿದೆ. ಅದನ್ನು ಅವಳು ನೋಡುವುದಿಲ್ಲ, ನಾನು ನೋಡುತ್ತೇನೆ.

ಆಗಸ್ಟ್ 14, ಬುಧವಾರ

ಗುದ್ಲೆಪ್ಪನ ಮಗಳು ಮಲ್ಲಿಕಾ ಚಮಚ, ಕೊಡೆ ಒಯ್ಯಲು ಬಂದಿದ್ದಳು. ಅಪ್ಪ ಹೇಗಿದ್ದಾರೆ ಎಂದು ಕೇಳದೆ ಇರಬೇಕಿತ್ತು.

“ಹಾವೇರಿಗೆ ಹೋಗಿ ಕಣ್ಣು ತೋರಿಸಿದ್ವ್ರಿ. ಕಣ್ಣು ಬೇಷ್ ಅದಾವಂದ್ರು. ಅದನ್ನ ಕೇಳಿದ ಮ್ಯಾಲೆ ಅಪ್ಪ ಮತ್ತಿಷ್ಟು ಕುಗ್ಗ್ಯಾನ. ಕಣ್ಣು ಚಲೋ ಇದ್ದೂ ತಪ್ಪಿದ್ರ ತಲಿ ಕೆಟ್ಟಂಗ ಅಂತಾನ. ಮನ್ಯಾಗ ಎಲ್ಲಾದಕ್ಕೂ ಪ್ಲಾಸ್ಟರ್ ಹಚ್ಚಿ ಹೆಸರ ಬರಿಯಾಕತ್ತಾನ್ರಿ. ಉಪ್ಪಿನ ಡಬ್ಬಿಗೆ ಉಪ್ಪು, ಸಕ್ರಿ ಡಬ್ಬಿಗೆ ಸಕ್ರಿ.”

ಅವಳು ಹೋದ ಮೇಲೆ ಪರದೆಯ ಮುಂದೆ ಕುಳಿತೆ. ಗಾಜಿನ ಮೇಲೆ ಪಟ್ಟಿಗಳ ಬಲಕ್ಕೆ ಹಳೇ ಅಂಟಿನ ಎರಡು ಕಲೆ ಇನ್ನೂ ಇವೆ. ಬೆಳಕು ಬಿದ್ದರೆ ಕಾಣುತ್ತವೆ. ಯಾರೂ ನೋಡಲಿಲ್ಲ.

ಆಗಸ್ಟ್ 17, ಶನಿವಾರ

ಯಂಕವ್ವನಿಗೆ ಹೇಳಿಬಿಟ್ಟೆ. ಹೇಳಬೇಕೆಂದು ಹೊರಟವಳಲ್ಲ. ಅವಳು ರೊಟ್ಟಿ ತಟ್ಟುತ್ತಿದ್ದಳು, ನಾನು ತಾಟು ಹಿಡಿದು ನಿಂತಿದ್ದೆ, ಬಾಯಿ ತಾನಾಗಿ ತೆರೆಯಿತು. ಕಸದ ಅಕ್ಷರ, ಪಟ್ಟಿ, ಒಂದು ಮನೆ ಎಡಕ್ಕೆ, ಎಲ್ಲವನ್ನೂ ಹೇಳಿದೆ. ತಟ್ಟುವುದು ನಿಂತಿತು.

“ಇದು ನಿನಗ ಯಾವಾಗ ಗೊತ್ತಾತು?”

“ಜೂನ್ ಇಪ್ಪತ್ತಕ್ಕ.”

ಅವಳು ಬೆರಳು ಮಡಚಿ ಎಣಿಸಿದಳು. “ಅವತ್ತ ಹೇಳಿದ್ದರ ಹರಗಿ ಮತ್ತ ಬಿತ್ತತಿದ್ನಲ್ಲ?”

“ಹೌದು.”

“ಮೂವತ್ತನೇ ತಾರೀಖಿಗೆ ಹೊಲಕ್ಕ ಬಂದಿದ್ದಿ. ಆಗ ಹೇಳಿದ್ದರೂ ನಡೀತಿತ್ತು.”

“ಹೌದು.”

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ತೆಗೆದಿಟ್ಟು, ಚೆನ್ನಾಗಿ ಬೆಂದ ಇನ್ನೊಂದನ್ನು ನನ್ನ ತಾಟಿಗೆ ಹಾಕಿದಳು. “ಉಣ್ಣು. ನಾಳೆ ಹೋಗಿ ಆ ಮುದುಕಗ ಹೇಳು. ಆಮ್ಯಾಲೆ ಬ್ಯಾರೆ ಖೋಲಿ ನೋಡಿಕೋ” ಎಂದಳು. ಬೈದಿದ್ದರೆ ಉಣ್ಣುತ್ತಿದ್ದೆನೇನೋ.

ರುದ್ರೇಶ ಸರ್‌ಗೂ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. “ಫೈಲ್ ಕ್ಲೋಜ್ ಆಗೇತ್ರಿ. ಹೊಸಾ ಮನುಷ್ಯಾನೂ ಬರಾಕತ್ತಾನ. ಈಗ ಇದನ್ನ ಕೆದರಿದ್ರ ನಿಮಗೂ ಚಲೋ ಅಲ್ಲ, ನನಗೂ ಚಲೋ ಅಲ್ಲ” ಎಂದು ಇಟ್ಟುಬಿಟ್ಟರು.

ಆಗಸ್ಟ್ 18, ಭಾನುವಾರ. ಅಕ್ಕಿಆಲೂರು ಬಸ್ ನಿಲ್ದಾಣ

ವಾಪಸ್ ಬಸ್ಸಿಗೆ ಇನ್ನೂ ಹೊತ್ತಿದೆ. ಈಗಲೇ ಬರೆಯದಿದ್ದರೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಬಾಗಿಲಲ್ಲಿ ನನ್ನನ್ನು ಕಂಡು ಗುದ್ಲೆಪ್ಪ ಮುಖ ದಿಟ್ಟಿಸಿದರು, ಸರಿಯಾಗಿ ಗುರುತಿಸುತ್ತಿದ್ದೇನೆಯೇ ಎಂದು ತಮ್ಮನ್ನೇ ಪರೀಕ್ಷಿಸಿಕೊಳ್ಳುವವರಂತೆ. ಆಮೇಲೆ, “ಬರ್ರಿ ಬಾಯಾರ, ಕುಂದರ್ರಿ” ಎಂದರು. ಇಳಿದುಹೋಗಿದ್ದಾರೆ.

ಮಲ್ಲಿಕಾ ಹೇಳಿದ್ದು ಕಡಿಮೆಯೇ. ಉಪ್ಪು, ಸಕ್ಕರೆ ಅಷ್ಟೇ ಅಲ್ಲ. ಲೈಟಿನ ಬಟನ್ ಮೇಲೆ ‘ಲೈಟು’. ಫ್ಯಾನಿನ ಬಟನ್ ಮೇಲೆ ‘ಪಂಕಾ’. ಎರಡು ಚಪ್ಪಲಿಗೂ ‘ಎಡ’, ‘ಬಲ’. ಎಲ್ಲ ಅದೇ ದುಂಡಗಿನ ಅಕ್ಷರ. ಚಹಾ ಮಾಡಲು ಎದ್ದವರು ಡಬ್ಬಿಯ ಪಟ್ಟಿಯ ಮೇಲೆ ಬೆರಳಿಟ್ಟು ಓದಿ, ಮುಚ್ಚಳ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ, ಆಮೇಲೆ ಸಕ್ಕರೆ ಹಾಕಿದರು.

ಹೇಳಿದೆ. ಒಂದನ್ನೂ ಬಿಡಲಿಲ್ಲ. ಪಟ್ಟಿಯನ್ನು ಸರಿಸಿದ್ದು ನಾನು, ಜೂನ್ ಇಪ್ಪತ್ತಕ್ಕೆ, ನೀವು ಬಸ್ಸಿಗೆ ಹೋದ ಮೇಲೆ. ನೀವು ತಪ್ಪಿಲ್ಲ ಕಾಕಾ, ನಿಮ್ಮ ಕಣ್ಣೂ ತಪ್ಪಿಲ್ಲ, ತಲೆಯೂ ತಪ್ಪಿಲ್ಲ. ಗಾಜಿನ ಮೇಲೆ ಹಳೇ ಅಂಟಿನ ಕಲೆ ಇನ್ನೂ ಇದೆ, ಬನ್ನಿ, ತೋರಿಸುತ್ತೇನೆ. ಹೇಳುತ್ತ ಅಳು ಬಂತು, ತಡೆಯಲಾಗಲಿಲ್ಲ.

ಅವರು ಚಹಾದ ಬಟ್ಟಲನ್ನು ನನ್ನ ಹತ್ತಿರ ಸರಿಸಿದರು.

“ಅಳಬ್ಯಾಡ್ರಿ. ಮುದುಕ ನೊಂದಾನಂತ ಇಷ್ಟು ದೂರ ಬಂದು ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ನನಗ ತಿಳಿಯಂಗಿಲ್ಲೇನ್ರಿ?”

“ಇಲ್ಲ ಕಾಕಾ, ಖರೇನ—”

“ಸಾಹೇಬರ ಮುಂದ ನಾನ ಮೂರು ಸಲ ಎಳದು ನೋಡೇನ್ರಿ. ಬರೋಬ್ಬರಿ ಇತ್ತು. ಅಂಕಿ ಜಾಗಾ ಬಿಡಂಗಿಲ್ಲ ಬಾಯಾರ. ಬಿಟ್ಟದ್ದು ನನ್ನ ತಲಿ.”

ಮತ್ತೆ ಹೇಳಿದೆ. ಹೇಳಿದಷ್ಟೂ ಅವರ ಮುಖದಲ್ಲಿ ನನ್ನ ಮೇಲೆ ಕರುಣೆಯೇ ಹೆಚ್ಚಾಯಿತು. ಮಲ್ಲಿಕಾ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಅವಳು ನಂಬಿದಳು. ಅಪ್ಪನ ಕಡೆ ನೋಡದೆ ನನ್ನನ್ನೇ ನೋಡುತ್ತಿದ್ದಳು, ಅದರಿಂದ ಗೊತ್ತಾಯಿತು.

ನಾನು ಏಳುವಾಗ ಗುದ್ಲೆಪ್ಪ, “ಒಂದು ನಿಮಿಷ ನಿಂದರ್ರಿ” ಎಂದು ಗೂಡಿನಿಂದ ಪ್ಲಾಸ್ಟರಿನ ಉರುಳೆ ತೆಗೆದರು. ಉದ್ದನೆಯ ಒಂದು ತುಂಡು ಕತ್ತರಿಸಿ, ಮೊಣಕಾಲ ಮೇಲಿಟ್ಟುಕೊಂಡು, ಅಕ್ಷರ ಅಕ್ಷರವಾಗಿ ಬರೆದರು.

“ಮರತಗಿರತ ಹೋದ್ರ ಅಂತ” ಎಂದರು.

‘ಸಾಯಿಮಾ. ಒಳ್ಳೆ ಹುಡುಗಿ.’

ಅದನ್ನು ಕ್ಯಾಲೆಂಡರಿನ ಪಕ್ಕದ ಗೋಡೆಗೆ ಅಂಟಿಸಿದರು. ಸರಿಯಾಗಿ ಹಿಡಿದಿದೆಯೇ ಎಂದು ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ಒತ್ತಿ ನೋಡಿದರು.